ಓದುಗರ ಪ್ರಶ್ನೆ: ಸುದ್ದಿ ಗೊತ್ತು, ಸಂಗತಿ ಗೊತ್ತಿಲ್ಲ

ಪ್ರಶ್ನೆ: ದಿನಕ್ಕೆ ಎರಡು ಗಂಟೆಯಾದರೂ ಸುದ್ದಿಗೆ ಹೋಗುತ್ತದೆ. ಎಲ್ಲಿ ಏನಾಯಿತೆಂದು ಥಟ್ಟನೆ ಹೇಳಬಲ್ಲೆ. ಆದರೆ ಮಗಳು "ಅದು ಯಾಕಪ್ಪಾ ಹಾಗಾಯ್ತು?" ಎಂದರೆ ಎರಡನೇ ವಾಕ್ಯಕ್ಕೇ ತಡವರಿಸುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎರಡು ಗಂಟೆ ಧಾರಾಳವಾಯಿತು. ನೀವು ತಪ್ಪುತ್ತಿರುವುದು ಓದುವ ಹೊತ್ತಿನಲ್ಲಿ. ಘಟನೆ ಬಿಸಿಯಿರುವಾಗ ಸುದ್ದಿ ಬರುತ್ತದೆ. ಕಾರಣ ತಿಳಿಯುವ ವೇಳೆಗೆ ಕ್ಯಾಮೆರಾಗಳು ಬೇರೆಡೆ ಹೋಗಿರುತ್ತವೆ.

ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ದುರಂತವನ್ನೇ ನೋಡಿ. 1986ರ ಏಪ್ರಿಲ್ 26ರ ನಸುಕಿನಲ್ಲಿ ಅಲ್ಲಿನ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಅದೇ ವರ್ಷ ಬಂದ ಅಂತಾರಾಷ್ಟ್ರೀಯ ತಜ್ಞರ ಮಂಡಳಿಯ ವರದಿ ಬಹುಪಾಲು ತಪ್ಪನ್ನು ನಿರ್ವಾಹಕರ ತಲೆಗೆ ಕಟ್ಟಿತು. ಅದೇ ಮಂಡಳಿ 1992ರಲ್ಲಿ ಮತ್ತೊಂದು ವರದಿ ಕೊಟ್ಟಾಗ ಬೆರಳು ವಿನ್ಯಾಸದ ಕಡೆ ತಿರುಗಿತ್ತು. ತಂಪು ಮಾಡುವ ನೀರು ಕುದಿದು ಆವಿಯಾದಷ್ಟೂ ಶಕ್ತಿ ಏರುವ ಗುಣ ಆ ರಿಯಾಕ್ಟರಿಗಿತ್ತು. ಸಾಲದ್ದಕ್ಕೆ, ಅಣುಕ್ರಿಯೆಯನ್ನು ತಗ್ಗಿಸಲು ಒಳಗೆ ಇಳಿಸುವ ನಿಯಂತ್ರಣ ಸಲಾಕೆಗಳ ಕೆಳಭಾಗದಲ್ಲಿ, ಆ ಕ್ರಿಯೆಯನ್ನು ಹೆಚ್ಚಿಸುವ ಗ್ರಾಫೈಟ್ ಇತ್ತು. ಹಾಗಾಗಿ ರಿಯಾಕ್ಟರ್ ನಿಲ್ಲಿಸಲು ಗುಂಡಿ ಒತ್ತಿದಾಗ, ಇಳಿಯತೊಡಗಿದ ಸಲಾಕೆಗಳೇ ಮೊದಲ ಕ್ಷಣಗಳಲ್ಲಿ ಶಕ್ತಿಯನ್ನು ಏರಿಸಿದವು. ಬ್ರೇಕ್ ಒತ್ತಿದರೆ ಗಾಡಿ ಮುಂದಕ್ಕೆ ನುಗ್ಗಿದ ಹಾಗೆ! 1986ರ ಸುದ್ದಿಯನ್ನು ಒಂದಕ್ಷರ ಬಿಡದೆ ಓದಿ, ಮತ್ತೆ ಅತ್ತ ತಿರುಗಿ ನೋಡದವರ ಮನಸ್ಸಿನಲ್ಲಿ ಇಂದಿಗೂ "ಕೆಲಸಗಾರರ ಎಡವಟ್ಟು" ಅಷ್ಟೇ ಉಳಿದಿದೆ.

ಹೀಗೆ ಮಾಡಿ. ಒಂದೇ ಒಂದು ಘಟನೆ ಆರಿಸಿಕೊಳ್ಳಿ. ಫೋನ್ ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ: ಏನಾಯಿತು, ಅದಕ್ಕೂ ಮೊದಲು ಪರಿಸ್ಥಿತಿ ಹೇಗಿತ್ತು, ಒಂದರಿಂದ ಇನ್ನೊಂದು ಹೇಗೆ ಆಯಿತು, ಮುಂದಿನ ನಿರ್ಧಾರ ಯಾರ ಕೈಯಲ್ಲಿದೆ. ಹೆಚ್ಚಿನವರ ಪೆನ್ನು ಮೂರನೆಯದರಲ್ಲಿ ನಿಲ್ಲುತ್ತದೆ. ನಿಂತ ಜಾಗವೇ ನೀವು ಓದಬೇಕಾದದ್ದು, ಅದನ್ನು ಮಾತ್ರ ಹುಡುಕಿ. ತನಿಖಾ ವರದಿಯ ಸಾರಾಂಶವೋ, ಆದೇಶದ ಮೂಲ ಪಠ್ಯವೋ ಸಿಕ್ಕರೆ ಹತ್ತು ಚರ್ಚಾ ಕಾರ್ಯಕ್ರಮಗಳಿಗಿಂತ ಮೇಲು. ಹಾಳೆಯ ಮೇಲೆ ದಿನಾಂಕ ಹಾಕಿ, ಮತ್ತೆ ನೋಡುವ ದಿನವನ್ನೂ ಗುರುತಿಸಿ. ಉದಾಹರಣೆಗೆ ವಿಮಾನ ಅಪಘಾತವಾದರೆ, ಅಂತಾರಾಷ್ಟ್ರೀಯ ನಿಯಮದಂತೆ ಪ್ರಾಥಮಿಕ ವರದಿಗೆ 30 ದಿನ, ಅಂತಿಮ ವರದಿಗೆ ಸಾಧ್ಯವಾದರೆ 12 ತಿಂಗಳು. ನಡುವಿನ ಊಹಾಪೋಹಗಳನ್ನು ಬಿಟ್ಟರೆ ನಷ್ಟವಿಲ್ಲ.

ಪ್ರಶ್ನೆ: ಬೆಳಗ್ಗೆ ಒಂದು ಅಂಕಿ, ಸಂಜೆಗೆ ಇನ್ನೊಂದು. ಮರೆಮಾಚುತ್ತಾರೆಯೇ?

ಉತ್ತರ: ಕೆಲವೊಮ್ಮೆ ಇರಬಹುದು, ಹೆಚ್ಚಾಗಿ ಅಳೆಯುವುದಕ್ಕೇ ಸಮಯ ಬೇಕು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾದಾಗ ಅದರ ತೀವ್ರತೆಯೆಂದು ಮೊದಲು ಸಿಕ್ಕ ಅಂಕಿ 7.9. ಎರಡು ದಿನಗಳ ನಂತರ ನಿಗದಿಯಾದದ್ದು 9.0. ನೋಡಲು ಸಣ್ಣ ವ್ಯತ್ಯಾಸ, ಶಕ್ತಿಯ ಲೆಕ್ಕದಲ್ಲಿ ಸುಮಾರು 45 ಪಟ್ಟು. ಕಂಪನ ಶುರುವಾದ ಮೂರು ನಿಮಿಷಗಳಲ್ಲೇ ಎಚ್ಚರಿಕೆ ಕೊಡಬೇಕಿತ್ತು, ಆ ತ್ವರಿತ ವಿಧಾನವೋ ಅತಿ ದೊಡ್ಡ ಕಂಪನಗಳನ್ನು ಕಡಿಮೆಯಾಗಿ ತೋರಿಸುವಂಥದ್ದು. ಅದರ ಬೆಲೆಯೂ ದೊಡ್ಡದೇ: ಕೆಲವೆಡೆ ಮೊದಲ ಎಚ್ಚರಿಕೆಯಲ್ಲಿ ಸುನಾಮಿಯ ಎತ್ತರ ಕೇವಲ 3 ಮೀಟರ್ ಎಂದಿತ್ತು.

ಅಂಕಿ ಬರೆದುಕೊಳ್ಳುವಾಗ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ. "ಕನಿಷ್ಠ", "ಪ್ರಾಥಮಿಕ" ಎಂಬ ಮಾತುಗಳನ್ನು ಹಾರಿಸಬೇಡಿ. ಕಾರಣ ಹೇಳಿ ತಿದ್ದಿದ ಅಂಕಿಯನ್ನು ನಂಬಿ; ಸದ್ದಿಲ್ಲದೆ ಬದಲಾದದ್ದನ್ನು ಅನುಮಾನಿಸಿ.

ಪ್ರಶ್ನೆ: "ಅಪಾಯ ಇಮ್ಮಡಿ" ಎಂಬ ಶೀರ್ಷಿಕೆ ಓದಿದರೆ ಎದೆ ಝಲ್ಲೆನ್ನುತ್ತದೆ. ಹೇಗೆ ಓದಬೇಕು?

ಉತ್ತರ: ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಎಂಬ ಎಚ್ಚರಿಕೆ ಹೊರಬಿತ್ತು. ಸುಳ್ಳಲ್ಲ. ಆದರೆ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗಿದ್ದದ್ದು ಇಬ್ಬರಿಗಾಗಿತ್ತು, ಅಷ್ಟೇ. ಗಾಬರಿಯಿಂದ ಅನೇಕರು ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಸಾವಿರಗಟ್ಟಲೆ ಏರಿತು. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು ಎಂಬುದು ಶೀರ್ಷಿಕೆಯಲ್ಲಿ ಎಲ್ಲಿ ಬರಬೇಕು?

ಇದರ ಅಣ್ಣತಮ್ಮನಂಥದ್ದು "ಹಣದುಬ್ಬರ ಇಳಿಕೆ". 8%ರಿಂದ 4%ಕ್ಕೆ ಇಳಿದರೆ ಬೆಲೆ ಇಳಿಯಿತೆಂದಲ್ಲ. 100 ಇದ್ದದ್ದು ಮೊದಲ ವರ್ಷ 108, ಮರುವರ್ಷ 112.32. ಏರುವ ವೇಗ ಮಾತ್ರ ತಗ್ಗಿದೆ.

ಪ್ರಶ್ನೆ: ಹಾಗಾದರೆ ಸುದ್ದಿ ನೋಡುವುದನ್ನೇ ಬಿಡಲೇ?

ಉತ್ತರ: ಬೇಡ. ಚಂಡಮಾರುತ ಬರುವ ದಿನ ವಿಶ್ಲೇಷಣೆ ಕಾಯುತ್ತಾ ಕೂರಲಾಗದು. ದಿನಕ್ಕೆ ಹದಿನೈದು ನಿಮಿಷ ಸುದ್ದಿಗೆ ಕೊಡಿ, ಉಳಿದದ್ದನ್ನು ಆ ಹಾಳೆಗೆ.