ಅಡ್ವಾನ್ಸ್ ಕೊಡುವ ಮುಂಚೆ ರಾತ್ರಿ ಹತ್ತಕ್ಕೆ ಒಮ್ಮೆ ನಡೆದು ನೋಡಿ

ಹುಬ್ಬಳ್ಳಿಯಿಂದ ಒಬ್ಬರೇ ಬರ್ತಿದ್ದೀರಿ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಅನ್ನೋ ಐಟಿ ಪಾರ್ಕ್ ಹತ್ತಿರ ಕೆಲಸ, ಮನೆ ಸೇರುವಷ್ಟರಲ್ಲಿ ರಾತ್ರಿ ಹತ್ತಾಗಬಹುದು, ಹೆಣ್ಣುಮಗಳಿಗೆ ಯಾವ ಏರಿಯಾ ಸೇಫ್ ಅಂತ ಕೇಳಿದ್ದೀರಿ. ನಾನೂ ಹಾವೇರಿಯಿಂದ ಹೀಗೇ ಬಂದವಳು, ಕೆಲಸವೂ ಅದೇ ಕಡೆ.

ನನ್ನ ಮೊದಲ ಪೀಜಿಯನ್ನು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಪ್ಪನ ಜೊತೆ ಹೋಗಿ ನೋಡಿದ್ದೆ. ರೂಮು ಚೊಕ್ಕವಾಗಿತ್ತು, ಗೇಟಿಗೆ ಕ್ಯಾಮೆರಾ ಇತ್ತು. ಅಪ್ಪ ಅಲ್ಲೇ ಅಡ್ವಾನ್ಸ್ ಕೊಟ್ಟರು. ಸೋಮವಾರ ರಾತ್ರಿ ಕೆಲಸ ಮುಗಿಸಿ ಬಂದಾಗಲೇ ದಾರಿ ಹೇಗಿದೆ ಅಂತ ಕಂಡದ್ದು. ಮೇನ್ ರೋಡಿನಿಂದ ಪೀಜಿವರೆಗೆ ಎರಡೂ ಕಡೆ ಖಾಲಿ ಸೈಟು, ಸುತ್ತ ತಗಡಿನ ಬೇಲಿ. ಒಂದು ದೀಪದ ಕಂಬ ದಾಟಿದರೆ ಮುಂದಿನದು ಬರುವವರೆಗೆ ಕಾಲಡಿ ಏನಿದೆ ಅಂತಲೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ನೋಡಿದ್ದ ತರಕಾರಿ ಗಾಡಿ, ಎಳನೀರಿನವರು, ಯಾರೂ ಇಲ್ಲ. ಎರಡು ತಿಂಗಳು ಫೋನ್ ಕಿವಿಗಿಟ್ಟುಕೊಂಡು ಹಾಗೇ ನಡೆದೆ. ಏನೂ ಆಗಲಿಲ್ಲ, ನಿಜ. ಆದರೆ ಸಂಜೆ ಏಳಾದರೆ ಸಾಕು, ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು.

ಎರಡನೇ ಸಲ ಮನೆ ಹುಡುಕಿದ್ದು ರಾತ್ರಿ ಹೊತ್ತು. ಗೆಳತಿಯನ್ನು ಕರೆದುಕೊಂಡು ಕುಂದಲಹಳ್ಳಿ, ಹೂಡಿ, ಕಾಡುಗೋಡಿ ಎಲ್ಲಾ ಕಡೆ ಮೆಟ್ರೋ ಸ್ಟೇಷನ್‌ನಿಂದ ಮನೆಬಾಗಿಲವರೆಗೆ ನಡೆದೆ. ಒಂದು ಕ್ರಾಸ್‌ನಲ್ಲಿ ಬೇಕರಿ ಮುಂದೆ ಜನ ಇರುತ್ತಾರೆ, ಪಕ್ಕದ ಕ್ರಾಸ್ ಬಿಕೋ ಅನ್ನುತ್ತದೆ. ಅದಕ್ಕೇ ಸುಮ್ನೆ ಒಂದು ಏರಿಯಾ ಹೆಸರು ಹೇಳಿ 'ಸೇಫ್' ಅನ್ನೋಕೆ ನನಗೆ ಮನಸ್ಸಿಲ್ಲ. ಕೊನೆಗೆ ಹೂಡಿಯಲ್ಲಿ ಹಳೇ ಕಟ್ಟಡದ ಎರಡನೇ ಮಹಡಿ ಹಿಡಿದೆ. ಕೆಳಗೆ ಹತ್ತೂವರೆವರೆಗೆ ತೆಗೆದಿರುವ ಮೆಡಿಕಲ್ ಶಾಪ್, ಎದುರಿಗೆ ಇಸ್ತ್ರಿ ಅಂಗಡಿ. ಹೋಗಿ ಎರಡು ವಾರ ಆಗಿತ್ತು, ಇಸ್ತ್ರಿ ಅಂಗಡಿಯ ಅಕ್ಕ ಕೇಳಿದರು, "ನಿನ್ನೆ ಲೇಟಾಯ್ತಲ್ಲಮ್ಮಾ, ಆಟೋ ಸಿಗಲಿಲ್ವಾ?" ಅವತ್ತು ಅಮ್ಮನಿಗೆ ಫೋನ್ ಮಾಡಿ, ಚೆನ್ನಾಗಿದ್ದೀನಿ ಅಂದದ್ದು ನಿಜವಾದ ಮಾತಾಗಿತ್ತು.

ಆಫೀಸಿನ ಪಕ್ಕದಲ್ಲೇ ಮನೆ ಬೇಕು ಅಂತಲೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರ ನಡುವಿನ ಮಾರ್ಗವೂ ತೆರೆದ ಮೇಲೆ ಮೆಟ್ರೋದ ನೇರಳೆ ಮಾರ್ಗ ಪೂರ್ತಿ ಒಂದಾಗಿದೆ. ವಿಜಯನಗರದಂಥ ಹಳೇ ಬಡಾವಣೆಯಲ್ಲಿದ್ದರೂ ರೈಲು ಬದಲಿಸದೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬಹುದು, ಐಟಿಪಿಎಲ್ ಅಲ್ಲೇ. ದಾರಿ ಜಾಸ್ತಿ, ಆದರೆ ಇಳಿದ ಮೇಲೆ ಬೀದಿಯಲ್ಲಿ ಜನ ಇರುತ್ತಾರೆ. ಕೊನೆಯ ರೈಲಿನ ಸಮಯ ಮಾತ್ರ ನೋಡಿಟ್ಟುಕೊಳ್ಳಿ.

ಪೀಜಿಗೆ ಹೋಗುವುದಾದರೆ ಓನರ್‌ಗಿಂತ ಅಲ್ಲಿರುವ ಹುಡುಗಿಯರನ್ನು ಕೇಳಿ. ಹತ್ತು ಗಂಟೆ ಮೇಲೆ ಬಂದರೆ ಗೇಟು ಯಾರು ತೆಗೀತಾರೆ? ತುಂಬಾ ಪೀಜಿಗಳಲ್ಲಿ ಹತ್ತಕ್ಕೆ ಬೀಗ ಬೀಳುತ್ತದೆ. ವಾರ್ಡನ್ ಫೋನ್ ಎತ್ತದಿದ್ದರೆ ಬೀದಿಯಲ್ಲಿ ನಿಲ್ಲೋದು ನೀವು. ಬಾಗಿಲಿಗೆ ಒಳಗಿನ ಚಿಲಕ ಗಟ್ಟಿಯಿದೆಯಾ, ಟೆರೇಸ್ ಬಾಗಿಲು ರಾತ್ರಿ ಹಾಕ್ತಾರಾ, ಇದನ್ನೂ ನೋಡಿ. ಬಾಡಿಗೆ ಮನೆಯಾದರೆ ಬೀಗ ಬದಲಿಸಿಬಿಡಿ.

ಅವಸರ ಮಾತ್ರ ಬೇಡ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳೋದು ಬೆಂಗಳೂರಿನ ಹಳೇ ರೂಢಿ. ಅಷ್ಟು ದುಡ್ಡು ಸಿಕ್ಕಿಹಾಕಿಕೊಂಡರೆ ಭಯವಾದರೂ ಬಿಟ್ಟು ಬರೋಕಾಗಲ್ಲ. ಮೊದಲ ಎರಡು ವಾರ ನೆಂಟರ ಮನೆಯಲ್ಲೋ, ದಿನದ ಲೆಕ್ಕದ ಪೀಜಿಯಲ್ಲೋ ಇದ್ದು ಹುಡುಕಿ. ಲೇಟಾದ ದಿನ ಆಫೀಸಿನಿಂದ ಕ್ಯಾಬ್ ಇದೆಯಾ ಅಂತ ಕೆಲಸಕ್ಕೆ ಸೇರುವ ಮುಂಚೆಯೇ ಎಚ್‌ಆರ್‌ಗೆ ಕೇಳಿ, ಅದರಲ್ಲಿ ಸಂಕೋಚ ಬೇಡ. ತುರ್ತಿಗೆ 112 ಫೋನ್‌ನಲ್ಲಿರಲಿ.

ಬಜೆಟ್ ಎಷ್ಟು, ಆಫೀಸು ಯಾವ ಸ್ಟೇಷನ್‌ಗೆ ಹತ್ತಿರ ಅಂತ ಬರೆಯಿರಿ. ನಾನು ನಡೆದು ನೋಡಿದ ಕ್ರಾಸ್‌ಗಳಲ್ಲಿ ಯಾವುದು ಹೇಗಿತ್ತು ಅಂತ ಹೇಳುತ್ತೇನೆ.