ರೀಮಿಕ್ಸ್‌ನಲ್ಲಿ ಬೇಸ್ ಹೊಡೀತಿಲ್ಲ, ಬರೀ ಗುಂಯ್ ಅಂತಿದೆ ಅಂದಿದ್ದಕ್ಕೆ

ಗುರು, ಕ್ಲಿಪ್ ಕೇಳ್ದೆ. ರಾಬ್ ಬೇಸ್, ಡಿಜೆ ಈಜಿ ರಾಕ್ ಅವ್ರ 1988ರ ರ್ಯಾಪ್ ಹಾಡು 'ಇಟ್ ಟೇಕ್ಸ್ ಟೂ' ಮೇಲೆ 808 ಬೇಸ್ (ಟಿಆರ್-808 ಡ್ರಮ್ ಮಷಿನ್ನಿನ ಆ ಆಳವಾದ ಸದ್ದು) ಕೂರಿಸಿದೀಯ, ಹೆಡ್‌ಫೋನಲ್ಲಿ ಸಖತ್ತಾಗಿದೆ ಆದ್ರೆ ಕಾರಲ್ಲಿ ಬರೀ ಗುಂಯ್ ಅನ್ನುತ್ತೆ, ಫೋನಲ್ಲಂತೂ ಬೇಸೇ ಇಲ್ಲ, ದೊಡ್ಡ ಸಬ್‌ವೂಫರ್ ಹಾಕಿಸ್ಲಾ ಅಂತ ಕೇಳಿದೀಯ. ಬೇಡ, ದುಡ್ಡು ದಂಡ. ತೊಂದ್ರೆ ಮಿಕ್ಸಲ್ಲಿದೆ.

ಮೂಲ ಹಾಡಲ್ಲೇ ಕಿಕ್ಕು (ದೊಡ್ಡ ಡ್ರಮ್ಮಿನ ಧಮ್ ಅನ್ನೋ ಪೆಟ್ಟು) ಬೇಸು ಎಲ್ಲ ಇದೆ, ಅದನ್ನ ಹಂಗೇ ಬಿಟ್ಟು ಮೇಲೆ ಇನ್ನೊಂದು ಹಾಕಿದ್ರೆ ಒಂದೇ ಬಾಗಿಲಲ್ಲಿ ಇಬ್ರು ದಪ್ಪಗಿರೋರು ಒಟ್ಟಿಗೆ ನುಗ್ಗಿದಂಗೆ. ಮೊದ್ಲು ಹಳೇ ಟ್ರ್ಯಾಕಿಗೆ ಹೈಪಾಸ್, ಅಂದ್ರೆ ಕೆಳಗಿನ ಸದ್ದು ಕತ್ತರಿಸೋ ಫಿಲ್ಟರ್ ಹಾಕು, 100 ಹರ್ಟ್ಜ್ ಹತ್ರ ಶುರು ಮಾಡಿ ಹಾಡು ತೆಳ್ಳಗಾಯ್ತು ಅನ್ಸೋವರೆಗೂ ಮೇಲೆ ಹೋಗಿ ಸ್ವಲ್ಪ ವಾಪಸ್ ಬಾ. ಸ್ಟೆಮ್ (ಡ್ರಮ್ಮು, ಬೇಸು, ದನಿ ಹಿಂಗೆ ಒಂದೊಂದು ಭಾಗ) ಬೇರೆ ಮಾಡೋ ಸಾಫ್ಟ್‌ವೇರ್ ಇದೆಯಲ್ಲ ಅಂತೀಯ, ಇದೆ, ಆದ್ರೆ ಈ ಹಾಡಿನ ಜೀವ ಇರೋದೇ ಲಿನ್ ಕಾಲಿನ್ಸ್ ಅವ್ರ 1972ರ 'ಥಿಂಕ್' ಹಾಡಿಂದ ಎತ್ತಿರೋ ಬ್ರೇಕಲ್ಲಿ (ತಾಳದ ಸಣ್ಣ ತುಣುಕು), ಅದರಲ್ಲಿ ಡ್ರಮ್ಮೂ ಆ 'ವೂ! ಯೇ!' ಕೂಗೂ ಒಟ್ಟಿಗೇ ಬಂದಿರೋದು, ಬಿಡಿಸೋಕೆ ಹೋದ್ರೆ ಎರಡೂ ಸೊರಗುತ್ತೆ.

ಇನ್ನು ಶ್ರುತಿ. ಇದನ್ನ ಯಾರೂ ನೋಡಲ್ಲ ಮಾರಾಯ. ಆಗಿನವ್ರು ಹಳೇ ರೆಕಾರ್ಡಿಂದ ಸ್ಯಾಂಪಲ್, ಅಂದ್ರೆ ಹಾಡಿನ ತುಣುಕು ಎತ್ತಿ ಸ್ಪೀಡ್ ಬದಲಾಯಿಸೋರು, ಸ್ಪೀಡ್ ಜೊತೆ ಪಿಚ್ಚೂ ಜರುಗೋದು, ಹಂಗಾಗಿ ಎಷ್ಟೋ ಹಾಡು ಎರಡು ಸ್ವರದ ಮಧ್ಯ ಕೂತಿರುತ್ತೆ. ನಿನ್ನ 808 ಮಾತ್ರ ಕಂಪ್ಯೂಟರಿನ ಪಕ್ಕಾ ಶ್ರುತಿಲಿದೆ. ಬೇಸನ್ನ ಎರಡು ಆಕ್ಟೇವ್ ಮೇಲೆತ್ತಿ ಹಾಡಿನ ಜೊತೆ ಲೂಪ್ ಮಾಡಿ ಕೇಳು, ಅಪಸ್ವರ ತಕ್ಷಣ ಗೊತ್ತಾಗುತ್ತೆ, ಫೈನ್ ಟ್ಯೂನ್ ಮಾಡಿ ಮತ್ತೆ ಕೆಳಗಿಳಿಸು. ಬೇಸಿನ ಸ್ವರ ಎಫ್ ಅಂದ್ರೆ ಸುಮಾರು 44 ಹರ್ಟ್ಜ್, ಜಿ 49. 44ಕ್ಕಿಂತ ಕೆಳಗೆ ಇಳಿದ್ರೆ ಕಾರಿನ ಮಾಮೂಲಿ ಡೋರ್ ಸ್ಪೀಕರ್ ಸುಮ್ನೆ ಒದ್ದಾಡುತ್ತೆ.

ಫೋನ್ ಸ್ಪೀಕರಿಗೆ 50 ಹರ್ಟ್ಜ್ ಹೊರಡಿಸೋ ತಾಕತ್ತೇ ಇಲ್ಲ. ಬೇಸಿಗೆ ಸ್ಯಾಚುರೇಶನ್ (ಸದ್ದನ್ನ ಸ್ವಲ್ಪ ಒರಟು ಮಾಡೋ ಎಫೆಕ್ಟ್) ಕೊಟ್ರೆ 100, 150, 200, ಹಿಂಗೆ ಮೇಲಿನ ಹಾರ್ಮೋನಿಕ್ಸ್ ಹುಟ್ಕೊಳ್ಳುತ್ತೆ, ಅವನ್ನ ಕೇಳಿ ಕಿವಿನೇ ಕೆಳಗಿನ ಸ್ವರ ತುಂಬ್ಕೊಳುತ್ತೆ. 100 ಹರ್ಟ್ಜ್ ಕೆಳಗಿಂದೆಲ್ಲ ಮೋನೋ ಮಾಡು, ಎಡಕ್ಕೂ ಬಲಕ್ಕೂ ಒಂದೇ ಸದ್ದು ಹೋಗ್ಲಿ.

ಇನ್ನೊಂದು, 808 ಬಾಲ, ಅಂದ್ರೆ ಪೆಟ್ಟಿನ ಮೇಲೆ ಎಳ್ಕೊಂಡು ಹೋಗೋ ಸದ್ದು, ತುಂಬಾ ಉದ್ದ ಇದೆ, ಮುಂದಿನ ಕಿಕ್ ಬರೋಷ್ಟರಲ್ಲಿ ಸತ್ತಿರಬೇಕು, ಇಲ್ಲಾಂದ್ರೆ ಕುಣಿಯೋ ಲಯನೇ ಹೋಗಿಬಿಡುತ್ತೆ, ಪಾರ್ಟಿ ಹಾಡಲ್ಲಿ ಅದು ಹೋದ್ಮೇಲೆ ಬೇಸ್ ಕಟ್ಕೊಂಡು ಏನ್ ಮಾಡ್ತೀಯ. ಇಷ್ಟು ಮಾಡಿ ಮಾಸ್ಟರ್ ಲಿಮಿಟರ್ (ಪೂರ್ತಿ ಮಿಕ್ಸಿನ ಸದ್ದು ಮಿತಿ ಮೀರದಂಗೆ ತಡೆಯೋದು) ಆಫ್ ಮಾಡಿ ಒಂದು ವೇವ್ ಫೈಲ್ ಇಲ್ಲೇ ಹಾಕು, ಕೇಳಿ ಹೇಳ್ತೀನಿ.