ಡಿಸ್ಕ್ ತುಂಬಿದೆ, ಯಾವ ಬ್ಯಾಕಪ್ ಅಳಿಸಲಿ?

ಪ್ರಶ್ನೆ: ನಾನು ಛಾಯಾಗ್ರಾಹಕಿ. ಲ್ಯಾಪ್‌ಟಾಪ್‌ನಲ್ಲಿ ಸುಮಾರು 380 ಜಿಬಿ ಚಿತ್ರಗಳೂ ಕಡತಗಳೂ ಇವೆ. 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪ್ರತಿ ಭಾನುವಾರ ಪೂರ್ಣ ಬ್ಯಾಕಪ್, ಉಳಿದ ದಿನಗಳಲ್ಲಿ 5 ಜಿಬಿಯಷ್ಟು ಇನ್‌ಕ್ರಿಮೆಂಟಲ್ ಬ್ಯಾಕಪ್ ಆಗುತ್ತದೆ. ಮೂರನೇ ಭಾನುವಾರ ‘ಸ್ಥಳ ಸಾಲದು’ ಎಂದು ನಿಂತುಹೋಯಿತು. ‘ಸ್ಥಳ ತುಂಬಿದಾಗ ಹಳೆಯದರ ಮೇಲೆ ಬರೆ’ ಎಂಬ ಆಯ್ಕೆ ಕಾಣುತ್ತಿದೆ. ಅದನ್ನು ಒತ್ತಿಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ, ಮೊದಲು ಲೆಕ್ಕ ನೋಡೋಣ. ತಯಾರಕರು 1 ಟಿಬಿ ಎಂದು ಮಾರುವ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅವರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ನಿಮ್ಮ ಎರಡು ಪೂರ್ಣ ಬ್ಯಾಕಪ್‌ಗಳಿಗೆ 760 ಜಿಬಿ, ಹನ್ನೆರಡು ದಿನಗಳ ಬದಲಾವಣೆಗೆ 60 ಜಿಬಿ. ಉಳಿದದ್ದು 111 ಜಿಬಿ. ಅದರಲ್ಲಿ ಇನ್ನೊಂದು 380 ಹಿಡಿಯುವುದಿಲ್ಲ. ಡಿಸ್ಕೂ ಕೆಟ್ಟಿಲ್ಲ, ತಂತ್ರಾಂಶವೂ ಕೆಟ್ಟಿಲ್ಲ.

ಇನ್ನು ಆ ಆಯ್ಕೆಯ ಮಾತು. ಅದನ್ನು ಒತ್ತಿದಾಗ ಏನು ನಡೆಯುತ್ತದೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕೆಲವು ಹೊಸದನ್ನು ಪೂರ್ತಿ ಬರೆದು, ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಹಳೆಯದನ್ನು ತೆಗೆಯುತ್ತವೆ. ಕೆಲವು ಮೊದಲು ಹಳೆಯದನ್ನು ಅಳಿಸಿ ಜಾಗ ಮಾಡಿಕೊಂಡು ಆಮೇಲೆ ಬರೆಯುತ್ತವೆ. ಎರಡನೆಯ ಬಗೆಯಲ್ಲಿ, ಅರ್ಧ ಬರೆದಾಗ ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಿಮ್ಮಲ್ಲಿ ಎರಡನೇ ವಾರದ ಕಂತು ಉಳಿದಿರುತ್ತದೆ, ನಿಜ. ಒಂದೇ ಕಂತು ಇಟ್ಟುಕೊಂಡವರಿಗೆ ಆ ಭಾಗ್ಯವೂ ಇರುವುದಿಲ್ಲ. ಆದ್ದರಿಂದ ಸಹಾಯಪುಟದಲ್ಲಿ ಈ ಕ್ರಮ ಯಾವುದೆಂದು ಓದಿಕೊಳ್ಳದೆ ಗುರುತು ಹಾಕಬೇಡಿ.

ತಂತ್ರಾಂಶದ ಗೊಡವೆಯೇ ಬೇಡವೆಂದು ಫೋಲ್ಡರ್ ತೆರೆದು ಕೈಯಾರೆ ಅಳಿಸಲು ಹೊರಡುವವರೂ ಇದ್ದಾರೆ. ಅಲ್ಲಿ ಕಣ್ಣಿಗೆ ಮೊದಲು ಬೀಳುವುದು ಅತ್ಯಂತ ಹಳೆಯ, ಅತ್ಯಂತ ದೊಡ್ಡ ಫೈಲ್, ಅಂದರೆ ಮೊದಲ ಭಾನುವಾರದ ಪೂರ್ಣ ಬ್ಯಾಕಪ್. ಅದನ್ನು ಅಳಿಸಿದರೆ ಸೋಮವಾರದಿಂದ ಶನಿವಾರದವರೆಗಿನ ಆರು ಫೈಲುಗಳು ಡಿಸ್ಕ್‌ನಲ್ಲಿ ಇದ್ದೂ ಇಲ್ಲದಂತೆ. ಇನ್‌ಕ್ರಿಮೆಂಟಲ್ ಎಂದರೆ ಹಿಂದಿನ ಬ್ಯಾಕಪ್‌ನಿಂದ ಈಚೆಗೆ ಬದಲಾದದ್ದು ಮಾತ್ರ. ಗುರುವಾರದ ಸ್ಥಿತಿಗೆ ಮರಳಬೇಕಾದರೆ ಭಾನುವಾರದ್ದೂ ಬೇಕು, ಸೋಮ, ಮಂಗಳ, ಬುಧ, ಗುರುವಾರದ್ದೂ ಬೇಕು. ಅಳಿಸುವುದಾದರೆ ಇಡೀ ಸರಪಳಿಯನ್ನೇ ಅಳಿಸಬೇಕು, ಅದೂ ತಂತ್ರಾಂಶದ ಒಳಗಿನಿಂದಲೇ.

ಇಷ್ಟಾದರೂ ನನಗೆ ಕಾಡುವ ಪ್ರಶ್ನೆ ಬೇರೆ. ನಿಮ್ಮ ಒಂದು ಚಿತ್ರ ಹಾಳಾಯಿತು ಅಥವಾ ಒಂದು ಫೋಲ್ಡರ್ ತಪ್ಪಿ ಅಳಿಸಿಹೋಯಿತು ಎಂಬುದು ನಿಮಗೆ ಎಷ್ಟು ದಿನಕ್ಕೆ ತಿಳಿಯುತ್ತದೆ? ನಿನ್ನೆ ತೆಗೆದ ಚಿತ್ರವಾದರೆ ನಾಳೆ ತಿಳಿಯಬಹುದು. ಕಳೆದ ವರ್ಷದ ಮದುವೆಯ ಚಿತ್ರವಾದರೆ ಅವರು ಆಲ್ಬಮ್ ಕೇಳಿದ ದಿನವೇ ತಿಳಿಯುವುದು. ಎರಡೇ ವಾರಕ್ಕೆ ಹಳೆಯದರ ಮೇಲೆ ಬರೆಯುವ ವ್ಯವಸ್ಥೆಯಲ್ಲಿ, ಅಷ್ಟು ಹೊತ್ತಿಗೆ ಎಲ್ಲ ಪ್ರತಿಗಳಲ್ಲೂ ಆ ಫೋಲ್ಡರ್ ಇಲ್ಲದ ಸ್ಥಿತಿಯೇ ಇರುತ್ತದೆ. ಎಷ್ಟು ಹಿಂದಕ್ಕೆ ಹೋಗಬಲ್ಲಿರಿ ಎಂಬುದನ್ನು ಡಿಸ್ಕ್‌ನ ಗಾತ್ರ ತೀರ್ಮಾನಿಸಬಾರದು, ನೀವು ತೀರ್ಮಾನಿಸಬೇಕು. ನಷ್ಟ ಗಮನಕ್ಕೆ ಬರಲು ಹಿಡಿಯುವ ಕಾಲಕ್ಕಿಂತ ಹೆಚ್ಚು ಕಾಲ ಪ್ರತಿಗಳು ಉಳಿಯಬೇಕು.

ಹಾಗೆಂದು ಎಲ್ಲ ದಿನಗಳ ಪ್ರತಿಯನ್ನೂ ಇಡಬೇಕಾಗಿಲ್ಲ. ಪೈರು ತೆಳುಮಾಡುವಂತೆ ನಡುನಡುವೆ ಕೀಳುತ್ತಾ ಹೋಗಿ: ಇತ್ತೀಚಿನ ಏಳು ದಿನಗಳದು, ಅದಕ್ಕೂ ಹಿಂದೆ ವಾರಕ್ಕೊಂದರಂತೆ ನಾಲ್ಕು, ಇನ್ನೂ ಹಿಂದೆ ತಿಂಗಳಿಗೊಂದರಂತೆ ಹನ್ನೆರಡು. ಅಜ್ಜ-ಅಪ್ಪ-ಮಗ ಪದ್ಧತಿ ಎಂದು ಕರೆಯುವುದು ಇದನ್ನೇ. ಪೂರ್ಣ ಪ್ರತಿಯನ್ನು ಮತ್ತೆ ಮತ್ತೆ ಬರೆಯುವ ತಂತ್ರಾಂಶದಲ್ಲಿ ಇದು ನಿಮ್ಮ ಡಿಸ್ಕ್‌ಗೆ ಹಿಡಿಸದು. ಒಂದೇ ತುಣುಕನ್ನು ಒಂದೇ ಸಲ ಶೇಖರಿಸುವ ಡಿಡುಪ್ಲಿಕೇಶನ್ ತಂತ್ರಾಂಶದಲ್ಲಿ ಬದಲಾಗದ ಚಿತ್ರಗಳು ಒಮ್ಮೆ ಮಾತ್ರ ಜಾಗ ತಿನ್ನುತ್ತವೆ. ನಿಮ್ಮಂಥವರಿಗೆ ಅದು ಹೇಳಿ ಮಾಡಿಸಿದ್ದು.

ಈಗಿನ ತಂತ್ರಾಂಶವನ್ನೇ ಮುಂದುವರಿಸುವುದಾದರೆ ಪೂರ್ಣ ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ಮಾಡಿ, 2 ಟಿಬಿಯ ಡಿಸ್ಕ್ ತನ್ನಿ. ಒಂದು ತಿಂಗಳ ಸರಪಳಿಗೆ ಸುಮಾರು 530 ಜಿಬಿ, ಎರಡಕ್ಕೆ 1,060, ಮೂರನೆಯ ಪೂರ್ಣ ಪ್ರತಿ ಬರೆಯುವಾಗ 1,440. ಸುಮಾರು 1,860 ಜಿಬಿಯಲ್ಲಿ ಅದು ಹಿಡಿಯುತ್ತದೆ. ಉಳಿಸಿಕೊಳ್ಳುವ ಕಂತುಗಳಲ್ಲದೆ ಇನ್ನೊಂದು ಪೂರ್ಣ ಪ್ರತಿಗೆ ಸದಾ ಜಾಗವಿರಬೇಕು, ಆಗ ಮಾತ್ರ ಹಳೆಯದನ್ನು ಅಳಿಸುವ ಮೊದಲು ಹೊಸದನ್ನು ಬರೆಯಬಹುದು. ಈಗಿನ 1 ಟಿಬಿ ಡಿಸ್ಕನ್ನು ಮಾತ್ರ ಅಳಿಸಬೇಡಿ. ಅದನ್ನು ಬೇರೊಂದು ಕಟ್ಟಡದಲ್ಲಿಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ನಿಯಮವನ್ನು ಜನಪ್ರಿಯಗೊಳಿಸಿದ ಪೀಟರ್ ಕ್ರೋಗ್ ಕೂಡ ನಿಮ್ಮಂತೆ ಛಾಯಾಗ್ರಾಹಕರೇ.

ಪ್ರಶ್ನೆ: ರೆಸ್ಟಿಕ್ ಎಂಬ ಡಿಡುಪ್ಲಿಕೇಶನ್ ಬ್ಯಾಕಪ್ ತಂತ್ರಾಂಶ ಬಳಸುತ್ತೇನೆ. ‘ಫರ್ಗೆಟ್’ ಆಜ್ಞೆ ಕೊಟ್ಟು ಹಳೆಯ ಸ್ನ್ಯಾಪ್‌ಶಾಟ್‌ಗಳಲ್ಲಿ (ಆಯಾ ದಿನದ ಬ್ಯಾಕಪ್ ಪ್ರತಿಗಳಲ್ಲಿ) ಬಹುಪಾಲು ತೆಗೆದೆ. ಒಂದು ಜಿಬಿಯೂ ಖಾಲಿಯಾಗಲಿಲ್ಲ. ಏಕೆ?

ಉತ್ತರ: ಫರ್ಗೆಟ್ ಮಾಡುವುದು ಸ್ನ್ಯಾಪ್‌ಶಾಟ್‌ನ ದಾಖಲೆಯನ್ನು ತೆಗೆಯುವ ಕೆಲಸ ಮಾತ್ರ. ದತ್ತಾಂಶವನ್ನು ನಿಜವಾಗಿ ತೆಗೆದುಹಾಕುವುದು ‘ಪ್ರೂನ್’. ಇದೇ ಬಗೆಯ ಬೋರ್ಗ್ ತಂತ್ರಾಂಶ ಬಳಸುವವರಿಗೆ 1.2ನೇ ಆವೃತ್ತಿಯಿಂದ ಈಚೆಗೆ ಇಂಥದ್ದೇ ಎರಡು ಹೆಜ್ಜೆ: ಪ್ರೂನ್ ಆದಮೇಲೆ ‘ಕಂಪ್ಯಾಕ್ಟ್’ ಮಾಡಬೇಕು. ಅದಾದ ಮೇಲೂ ನಿರೀಕ್ಷೆಯಷ್ಟು ಜಾಗ ಸಿಗದಿದ್ದರೆ ಗಾಬರಿ ಬೇಡ. ಬೇರೆ ಯಾವ ಸ್ನ್ಯಾಪ್‌ಶಾಟ್‌ಗೂ ಬೇಡವಾದ ತುಣುಕುಗಳು ಮಾತ್ರ ಹೋಗುತ್ತವೆ.

ಈ ಶುದ್ಧೀಕರಣಕ್ಕೂ ಸ್ವಲ್ಪ ಖಾಲಿ ಜಾಗ ಬೇಕು. ಉಪಯುಕ್ತ ತುಣುಕುಗಳನ್ನು ಹೊಸ ಫೈಲಿಗೆ ಬರೆದ ಮೇಲೆಯೇ ಹಳೆಯ ಫೈಲ್ ಹೋಗುವುದು. ಡಿಸ್ಕ್ ನೂರಕ್ಕೆ ನೂರು ತುಂಬಿದ ಮೇಲೆ ಅಳಿಸಲು ಹೊರಟರೆ ಅಳಿಸುವುದಕ್ಕೂ ಜಾಗವಿರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಖಾಲಿ ಬಿಡುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆ: ಮ್ಯಾಕ್‌ನ ಬ್ಯಾಕಪ್ ತಂತ್ರಾಂಶ ಟೈಮ್ ಮಷೀನ್‌ನ ಡಿಸ್ಕ್ ಸದಾ ತುಂಬಿಯೇ ಇರುತ್ತದೆ. ಬದಲಾಯಿಸಬೇಕೇ?

ಉತ್ತರ: ಬೇಕಾಗಿಲ್ಲ. ಅದರ ಸ್ವಭಾವವೇ ಹಾಗೆ. ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದೆ ವಾರಕ್ಕೊಂದು ಪ್ರತಿ ಉಳಿಸಿಕೊಂಡು, ಜಾಗ ಮುಗಿದಾಗ ಅತ್ಯಂತ ಹಳೆಯದನ್ನು ತಾನೇ ತೆಗೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅತ್ಯಂತ ಹಳೆಯ ಬ್ಯಾಕಪ್‌ನ ದಿನಾಂಕ ನೋಡಿ. ಅದು ಕೆಲವೇ ವಾರಗಳಷ್ಟು ಹಿಂದಿನದಾದರೆ ದೊಡ್ಡ ಡಿಸ್ಕ್ ಬೇಕು. ವಿಂಡೋಸ್‌ನ ಫೈಲ್ ಹಿಸ್ಟರಿ ಇದಕ್ಕೆ ತದ್ವಿರುದ್ಧ: ನೀವು ಬದಲಿಸದ ಹೊರತು ಎಲ್ಲ ಪ್ರತಿಗಳನ್ನೂ ‘ಶಾಶ್ವತವಾಗಿ’ ಇಡುತ್ತದೆ.

ಪ್ರಶ್ನೆ: ನಮ್ಮ ಸಣ್ಣ ಕಚೇರಿಯ ಲೆಕ್ಕಪತ್ರ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ. ರಾತ್ರಿ ಬ್ಯಾಕಪ್ ಆಗುತ್ತದೆಂದು ನಂಬಿದ್ದೆವು. ಡಿಸ್ಕ್ ತುಂಬಿ ಹಲವು ವಾರಗಳಿಂದ ನಿಂತುಹೋಗಿತ್ತು, ಯಾರಿಗೂ ತಿಳಿದಿರಲಿಲ್ಲ. ಒಂದೇ ಫೈಲ್ ಬೆಟ್ಟದಷ್ಟಾಗಿದೆ. 30 ದಿನಕ್ಕಿಂತ ಹಳೆಯದನ್ನು ಅಳಿಸುವ ಸ್ಕ್ರಿಪ್ಟ್ ಹಾಕಿದರೆ ಸಾಕೇ?

ಉತ್ತರ: ಆ ಸ್ಕ್ರಿಪ್ಟ್ ಒಂದೇ ಸಾಲದು, ಒಂಟಿಯಾಗಿ ಅಪಾಯಕಾರಿ ಕೂಡ. ಬ್ಯಾಕಪ್ ನಿಂತುಹೋದರೂ ಅಳಿಸುವ ಕೆಲಸ ನಿಲ್ಲುವುದಿಲ್ಲ. ಹೊಸದು ಬರುತ್ತಿಲ್ಲ, ಹಳೆಯದು ದಿನಕ್ಕೊಂದು ಹೋಗುತ್ತಿದೆ ಎಂದಾದರೆ ಒಂದು ತಿಂಗಳಿಗೆ ಫೋಲ್ಡರ್ ಬರಿದು. ವಯಸ್ಸಿನ ಷರತ್ತಿನ ಜೊತೆಗೆ ಸಂಖ್ಯೆಯ ಷರತ್ತೂ ಇರಲಿ: ಸರಿಯೆಂದು ಪರೀಕ್ಷಿಸಿದ ಹತ್ತು ಪ್ರತಿಗಳಾದರೂ ಉಳಿಯದಿದ್ದರೆ ಯಾವುದನ್ನೂ ಅಳಿಸಬಾರದು. ಅಂದಿನ ಬ್ಯಾಕಪ್ ಯಶಸ್ವಿಯಾಗದಿದ್ದರೆ ಅಂದು ಅಳಿಸುವ ಕೆಲಸ ನಡೆಯಲೇಬಾರದು.

ಫೈಲ್ ಬೆಳೆದದ್ದಕ್ಕೆ ಕಾರಣ ಹೆಚ್ಚುಕಡಿಮೆ ಖಚಿತ. ಎಸ್‌ಕ್ಯೂಎಲ್ ಸರ್ವರ್‌ನ ಬ್ಯಾಕಪ್ ಆಜ್ಞೆ ತಾನಾಗಿ ‘ನೋಇನಿಟ್’ ಕ್ರಮದಲ್ಲಿ ನಡೆಯುತ್ತದೆ. ಫೈಲಿನ ಹೆಸರು ಒಂದೇ ಆಗಿದ್ದರೆ ಪ್ರತಿ ರಾತ್ರಿಯದನ್ನೂ ಅದಕ್ಕೇ ಸೇರಿಸುತ್ತಾ ಹೋಗುತ್ತದೆ. ‘ಇನಿಟ್’ ಎಂದು ಬದಲಿಸಿದರೆ ಫೈಲ್ ಬೆಳೆಯುವುದು ನಿಲ್ಲುತ್ತದೆ, ಆದರೆ ನಿಮ್ಮ ಏಕೈಕ ಪ್ರತಿಯ ಮೇಲೆಯೇ ದಿನವೂ ಬರೆದಂತಾಗುತ್ತದೆ. ಹೆಸರಿನಲ್ಲಿ ದಿನಾಂಕ ಸೇರಿಸಿ, ದಿನಕ್ಕೊಂದು ಫೈಲ್ ಮಾಡಿ.

ಯಾರಿಗೂ ತಿಳಿಯಲಿಲ್ಲ ಎಂದಿರಿ. ದೊಡ್ಡವರಿಗೂ ಹೀಗಾಗಿದೆ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಸಂಕೇತಗಳನ್ನು ಶೇಖರಿಸಿಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ ಮುಖ್ಯ ದತ್ತಾಂಶ ತಪ್ಪಿ ಅಳಿಸಿಹೋದಾಗ ನೋಡಿದರೆ, ನಿತ್ಯದ ಡೇಟಾಬೇಸ್ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಆ ವೈಫಲ್ಯವನ್ನು ತಿಳಿಸಬೇಕಾದ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಅವರು ಉಳಿದುಕೊಂಡರು. ಆದ್ದರಿಂದ ವಿಫಲವಾದಾಗ ಮಾತ್ರ ಸಂದೇಶ ಬರುವಂತೆ ಮಾಡಬೇಡಿ. ಯಶಸ್ವಿಯಾದಾಗಲೂ ಫೈಲಿನ ಗಾತ್ರ ಮತ್ತು ಉಳಿದಿರುವ ಜಾಗದ ಸಹಿತ ಬರಲಿ. ಬೆಳಿಗ್ಗೆ ಅದು ಬಾರದಿದ್ದರೆ ವಿಚಾರಿಸುವ ಹೊಣೆ ಒಬ್ಬರದೇ ಆಗಿರಲಿ, ಅವರ ಹೆಸರು ಎಲ್ಲರಿಗೂ ಗೊತ್ತಿರಲಿ.

ಇವೆಲ್ಲ ನಾಳೆಯ ಕೆಲಸ. ಇಂದು, ತುಂಬಿದ ಡಿಸ್ಕ್‌ನಿಂದ ಏನನ್ನೂ ಅಳಿಸದೆ, ಬೇರೊಂದು ಡಿಸ್ಕ್ ಜೋಡಿಸಿ ಈಗಿನ ಡೇಟಾಬೇಸ್‌ನ ಒಂದು ಪೂರ್ಣ ಬ್ಯಾಕಪ್ ತೆಗೆಯಿರಿ. ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ, ನಿನ್ನೆ ನಮೂದಿಸಿದ ಕೊನೆಯ ಬಿಲ್ ಅಲ್ಲಿ ಕಾಣುತ್ತದೆಯೇ ನೋಡಿ. ಕಂಡ ಮೇಲೆ ಹಳೆಯ ಫೈಲಿಗೆ ಕೈಹಾಕಿ.